ಗಡಿ ಬಡಿಯುವ ಭಾನುವಾರ

ನನ್ನ ಬಲಗೈಯ ಮಣಿಕಟ್ಟು ಮುರಿದದ್ದು ಒಂದು ಹಳ್ಳದ ದಂಡೆಯ ಮೇಲೆ, ಮೇ ತಿಂಗಳ ಒಂದು ಭಾನುವಾರ, ಊರಿನ ಪಾದ್ರಿ ಪ್ರಾರ್ಥನೆ ಹೇಳಿ ಮುಗಿಸಿದ ಸ್ವಲ್ಪ ಹೊತ್ತಿಗೆ. ಕಬ್ಬಿಣದ ಸರಳು ಬಂದು ಬಡಿದಾಗ ಒಣಗಿದ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಆಶ್ಚರ್ಯ. ಇಷ್ಟೆಲ್ಲ ಓದಿ, ಇಷ್ಟು ದೂರ ಬಂದು, ಇಲ್ಲಿಯೂ ಗಡಿಗಾಗಿ ಹೊಡೆತ ತಿನ್ನುತ್ತಿದ್ದೇನಲ್ಲ ಎಂದು.

ನಾನು ಮಲಪ್ರಭೆಯ ಬಯಲಿನವನು. ಅಪ್ಪ ಬಾವಿ ತೋಡುವವನು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಿ, ಸೀನಿಯರುಗಳಿಂದ ಒದೆ ತಿಂದು, ಸಿವಿಲ್ ಎಂಜಿನಿಯರಿಂಗ್ ಮುಗಿಸಿದೆ. ಆಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು ಡಿಗ್ರಿ. ಈಗ ನನ್ನದು ನೀರಿನ ಕೆಲಸ. ಮಳೆ ಎಲ್ಲಿ ಬಿದ್ದರೆ ಎಲ್ಲಿಗೆ ಹರಿಯುತ್ತದೆ, ಯಾರ ಮನೆಯೊಳಗೆ ನುಗ್ಗುತ್ತದೆ ಎಂದು ನಕ್ಷೆಯ ಮೇಲೆ ತೋರಿಸುವುದು. ಹೆಂಡತಿ ಧಾರವಾಡದವಳು, ಡಾಕ್ಟರುಗಳ ಮನೆತನ; ಲೆಮಿಂಗ್ಟನ್ ಸ್ಪಾದಲ್ಲಿ ಜಿಪಿ, ಅಂದರೆ ಸಾಮಾನ್ಯ ರೋಗಗಳ ಡಾಕ್ಟರು. ಅಲ್ಲಿಂದ ಕಾರಿನಲ್ಲಿ ಕಾಲು ಗಂಟೆಯ ಹಳ್ಳಿಯೊಂದರಲ್ಲಿ ಮಾರ್ಟ್‌ಗೇಜ್ ಮಾಡಿ ಮನೆ ಕೊಂಡಿದ್ದೇವೆ. ಒಬ್ಬಳು ಮಗಳು. ನಾವು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಾಳೆ.

ಇಲ್ಲಿನ ಹಳ್ಳಿಯ ಆಡಳಿತ ನಮ್ಮವರಿಗೆ ಅರ್ಥವಾಗುವಂಥದ್ದೇ. ಪ್ಯಾರಿಷ್ ಕೌನ್ಸಿಲ್ ಎಂದರೆ ಗ್ರಾಮ ಪಂಚಾಯಿತಿ. ಅದರ ಮೇಲೆ ಡಿಸ್ಟ್ರಿಕ್ಟ್, ನಮ್ಮ ತಾಲ್ಲೂಕಿನಷ್ಟು. ಅದರ ಮೇಲೆ ಕೌಂಟಿ, ನಮ್ಮ ಜಿಲ್ಲೆಯಷ್ಟು. ಮೂರೂ ಕಡೆ ಒಂದೇ ಉತ್ತರ ಸಿಗುತ್ತದೆ: ಅದು ನಮ್ಮದಲ್ಲ, ಅವರದು. ಇಂಗ್ಲೆಂಡಿನಲ್ಲಿ ಇದನ್ನು ಬಹಳ ವಿನಯದಿಂದ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಊರಿನ ಕೆಳಗಿನ ಲೇನಿಗೆ ನೀರು ನುಗ್ಗತೊಡಗಿತು. ಒಂದು ಚಳಿಗಾಲ ಬಂತು, ಮರುವರ್ಷ ಮತ್ತೆ ಬಂತು. ಕಾರಣ ಕುರುಡನಿಗೂ ಕಾಣುತ್ತಿತ್ತು. ಹಳ್ಳದ ಆಚೆ ಹಳೆಯ ಕಟ್ಟಡ ಒಡೆಯುವ ಗುತ್ತಿಗೆದಾರನೊಬ್ಬನ ಯಾರ್ಡು ಇತ್ತು. ತನ್ನ ಲಾರಿಗಳು ದಾಟಲೆಂದು ಅವನು ಒಡೆದ ಇಟ್ಟಿಗೆ, ಕಾಂಕ್ರೀಟು, ಮಣ್ಣು ಎಲ್ಲ ಸುರಿದು ಹಳ್ಳಕ್ಕೆ ಅಡ್ಡಲಾಗಿ ಒಂದು ದಾರಿ ಮಾಡಿಕೊಂಡಿದ್ದ. ನೀರು ಹಿಂದಕ್ಕೆ ಒತ್ತಿ ನಮ್ಮ ಜನರ ಅಡುಗೆಮನೆಗೆ ಬರುತ್ತಿತ್ತು. ಕೇಳಲು ಹೋದ ಒಬ್ಬನ ಕಾರಿನ ಗಾಜು ಒಡೆಯಿತು. ಇನ್ನೊಬ್ಬನ ಬಾಗಿಲ ಮುಂದೆ ಸತ್ತ ನರಿ ಬಿದ್ದಿತ್ತು, ಹೊಟ್ಟೆ ಸೀಳಿ. ಆಮೇಲೆ ಯಾರೂ ಕೇಳಲು ಹೋಗಲಿಲ್ಲ. ಹಳ್ಳದ ಆಚೆಗೆ ಪಕ್ಕದ ಪ್ಯಾರಿಷ್, ನಮಗೆ ಸಂಬಂಧವಿಲ್ಲ ಎಂದು ಸುಮ್ಮನಾದರು. ಪಕ್ಕದ ಪ್ಯಾರಿಷ್‌ನವರಿಗೆ ನೀರು ನುಗ್ಗುತ್ತಿರಲಿಲ್ಲ, ಅವರೂ ಸುಮ್ಮನಿದ್ದರು.

ಆಗ ನಮ್ಮ ಕೌನ್ಸಿಲಿನಲ್ಲಿ ಒಂದು ಸೀಟು ಖಾಲಿ ಬಿತ್ತು. ಅಧ್ಯಕ್ಷೆ ನಿವೃತ್ತ ನರ್ಸು, ಎಂಬತ್ತರ ಹತ್ತಿರದ ಗಟ್ಟಿ ಹೆಂಗಸು. ಇಲ್ಲಿನ ರೂಢಿಯಂತೆ ಎಲ್ಲರನ್ನೂ 'ಲವ್' ಎಂದೇ ಕರೆಯುವವರು. ನನ್ನ ಗೇಟಿನ ಹತ್ತಿರ ನಿಂತು ಕೇಳಿದರು.

"ನಿನಗೆ ಚರಂಡಿ ಗೊತ್ತಂತಲ್ಲ, ಲವ್. ನಮ್ಮಲ್ಲಿಗೆ ಬಾ."

"ಸಂಬಳ?"

"ಬೈಗುಳ. ಮತ್ತೆ ವರ್ಷಕ್ಕೊಂದು ಸಲ ಒಂದು ಗ್ಲಾಸು ಶೆರ್ರಿ ವೈನು."

ಹೋದೆ. ಇಲ್ಲಿನ ಪೌರತ್ವ ಇಲ್ಲದಿದ್ದರೂ ಕಾಮನ್‌ವೆಲ್ತ್ ದೇಶದವನು ಸದಸ್ಯನಾಗಬಹುದು. ಹೋದ ಮೇಲೆ ಮೊದಲು ಮಾಡಿದ ಕೆಲಸ ಗಡಿಯನ್ನು ನೋಡಿದ್ದು. ಹಳ್ಳ ಈಗ ನೆಟ್ಟಗೆ ಹರಿಯುತ್ತದೆ. ನೆಟ್ಟಗೆ ಹರಿಯುವ ಹಳ್ಳವನ್ನು ನಾನು ನಂಬುವುದಿಲ್ಲ. ಯಾರೋ ಕೈ ಹಾಕಿರುತ್ತಾರೆ. ಹಳೆಯ ನಕ್ಷೆ, ಹೊಸ ನಕ್ಷೆ ಒಂದರ ಮೇಲೊಂದು ಇಟ್ಟಾಗ ಗೊತ್ತಾಯಿತು. ಹಿಂದೆ ಯಾವನೋ ಜಮೀನುದಾರ ಹಳ್ಳದ ಸೊಂಟ ಮುರಿದು ನೇರ ಮಾಡಿದ್ದಾನೆ. ನೀರು ಜಾಗ ಬದಲಿಸಿತು. ಗಡಿ ಬದಲಾಗಲಿಲ್ಲ. ಪ್ಯಾರಿಷ್‌ನ ಗೆರೆ ಇಂದಿಗೂ ಹಳ್ಳದ ಹಳೆಯ ಪಾತ್ರವನ್ನೇ ಹಿಡಿದು ಡೊಂಕಾಗಿ ಹೋಗುತ್ತದೆ. ಅಂದರೆ ಹಳ್ಳದಾಚೆಯ ಒಂದು ಮೂಲೆ ನಮ್ಮದು. ಆ ಮೂಲೆಯ ಮೇಲೇ ಗುತ್ತಿಗೆದಾರನ ಯಾರ್ಡು, ಅವನು ವಾಸವಿದ್ದ ಮರದ ಮನೆ, ಆ ಕಲ್ಲುಮಣ್ಣಿನ ದಾರಿ.

ಸಭೆಯಲ್ಲಿ ಇದನ್ನು ತೋರಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಪ್ಪು ನಾಯಿಯೊಂದನ್ನು ಎಲ್ಲಿಗೆ ಹೋದರೂ ಕರೆತರುವ ಸದಸ್ಯನೊಬ್ಬನಿದ್ದ. ನೀರು ನುಗ್ಗಿದ ಮನೆಗಳಲ್ಲಿ ಅವನದೂ ಒಂದು. "ಅಂದರೆ ಆ ದರಿದ್ರ ಇನ್ನು ನಮ್ಮದು ಅಂತಾಯ್ತು," ಎಂದ. "ಥ್ಯಾಂಕ್ಸ್, ಮೇಟ್."

ಅಧ್ಯಕ್ಷೆ ಮಾತ್ರ ಹೇಳಿದರು, "ಹಾಗಾದರೆ ಈ ಸಲ ಅಲ್ಲಿವರೆಗೂ ನಡೆಯೋಣ."

ನಡೆಯುವುದು ಎಂದರೆ ಈ ಊರಿನ ಒಂದು ಪದ್ಧತಿ. ಗಡಿ ಬಡಿಯುವುದು ಎನ್ನುತ್ತಾರೆ. ವಸಂತದ ಒಂದು ಭಾನುವಾರ ಊರವರು ನೀರಿನಂಚಿಗೆ ಬೆಳೆಯುವ ವಿಲೋ ಮರದ ಹಸಿ ಕೋಲು ಹಿಡಿದು ಪ್ಯಾರಿಷ್‌ನ ಗಡಿಯುದ್ದಕ್ಕೂ ನಡೆದು, ಗಡಿಕಲ್ಲು ಸಿಕ್ಕಲ್ಲೆಲ್ಲ ಬಡಿಯುತ್ತಾರೆ. ಪಾದ್ರಿ ಪ್ರಾರ್ಥನೆ ಹೇಳುತ್ತಾರೆ. ನಕ್ಷೆಗಳಿಲ್ಲದ ಕಾಲದಲ್ಲಿ ಬಡಿಯುತ್ತಿದ್ದದ್ದು ಕಲ್ಲನ್ನಷ್ಟೇ ಅಲ್ಲ, ಮಕ್ಕಳನ್ನು. ಹುಡುಗರನ್ನು ತಲೆಕೆಳಗಾಗಿ ಹಿಡಿದು ಕಲ್ಲಿಗೆ ತಲೆ ಕುಟ್ಟುತ್ತಿದ್ದರಂತೆ. ಮುಳ್ಳುಬೇಲಿಗೆ ಎಸೆಯುತ್ತಿದ್ದರಂತೆ. ಆ ಪೀಳಿಗೆ ಮುದಿಯಾದಾಗ ತಕರಾರು ಬಂದರೆ, 'ಇಗೋ ಇಲ್ಲೇ ನನ್ನ ನೆತ್ತಿ ಒಡೆದದ್ದು' ಎಂದು ಸಾಕ್ಷಿ ಹೇಳಲು ಒಬ್ಬನಾದರೂ ಬೇಕಲ್ಲ. ಈಗ ಮಕ್ಕಳನ್ನು ಮುಟ್ಟುವುದಿಲ್ಲ. ಹೊಸ ಸದಸ್ಯನನ್ನು ಕೈಕಾಲು ಹಿಡಿದೆತ್ತಿ ಕಲ್ಲಿನ ಮೇಲೆ ಕುಂಡೆ ಕುಟ್ಟಿಸುತ್ತಾರೆ. ಆ ವರ್ಷದ ಹೊಸ ಸದಸ್ಯ ನಾನು.

ನಡಿಗೆಗೆ ಮುಂಚೆ ಅಧ್ಯಕ್ಷೆ ಗಡಿಯ ಮೇಲಿನ ಪ್ರತಿ ಜಮೀನಿನವರ ಬಾಗಿಲು ತಟ್ಟಿ ಅನುಮತಿ ಕೇಳಿ ಬರುವುದು ವಾಡಿಕೆ. ಬೇರೆಯವರ ಹೊಲದಲ್ಲಿ ಕೋಲು ಹಿಡಿದು ನಡೆಯುವಾಗ ಕೇಳಲೇಬೇಕು. ಆ ವರ್ಷವೂ ಅವರು ಹೋಗಿದ್ದರು, ಎಂದಿನ ಬಾಗಿಲುಗಳಿಗೆ. ನಾನು ನಕ್ಷೆಯ ಮೇಲೆ ಗೆರೆ ಸರಿಸಿದೆ. ಸರಿದ ಗೆರೆಯ ಮೇಲೆ ಒಂದು ಹೊಸ ಬಾಗಿಲು ಬಂತು ಎನ್ನುವುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಗುತ್ತಿಗೆದಾರನನ್ನು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎಲ್ಲ ನಗುನಗುತ್ತ ಇತ್ತು. ಮೊದಲ ಕಲ್ಲಿನಲ್ಲಿ ನನ್ನನ್ನು ಎತ್ತಿ ಕುಟ್ಟಿಸಿದರು. "ನಮ್ಮ ಕೌನ್ಸಿಲರ್ ಭಾರ ಇದ್ದಾನೆ, ಕರಿ ಜಾಸ್ತಿ ತಿಂತಾನೆ," ಎಂದ ಕಪ್ಪು ನಾಯಿಯವನು. "ನಿನ್ನ ಬೆನ್ನು ಮುದಿಯಾಗಿದೆ, ಬಿಯರ್ ಜಾಸ್ತಿ ಕುಡೀತೀಯ," ಎಂದೆ. ಬಾಲಮೂಳೆ ಚುರುಗುಟ್ಟುತ್ತಿತ್ತು. ಖುಷಿಯಾಗಿದ್ದೆ, ಸುಳ್ಳೇಕೆ. ಒಂದು ಊರು ನನ್ನನ್ನು ಎತ್ತಿ ತನ್ನ ಕಲ್ಲಿಗೆ ಕುಟ್ಟಿತ್ತು. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಅದು ಬರುವ ಮೊದಲೇ ಬಂದಂತಾಯಿತು.

ಹಳ್ಳ ತಲುಪಿದಾಗ ಪಾದ್ರಿ ನೀರಿಗಿಳಿದು ಪ್ರಾರ್ಥನೆ ಹೇಳಿದರು. ನಾನು ಕಲ್ಲುಮಣ್ಣಿನ ದಾರಿ ದಾಟಿ ಆಚೆಯ ಮೂಲೆಗೆ ಹೋಗಿ, ಗೆರೆ ಹಾಯುವ ಜಾಗದಲ್ಲಿ ಕೋಲಿನಿಂದ ನೆಲವನ್ನು ಬಡಿದೆ. ಹಿಂದೆ ಏಳೆಂಟು ಜನ ಬಂದರು.

ಮೊದಲು ಬಂದದ್ದು ಗುತ್ತಿಗೆದಾರನ ಅಲ್ಸೇಷನ್ ನಾಯಿ. ಅದು ಯಾರನ್ನೂ ನೋಡದೆ ನೇರ ಕಪ್ಪು ನಾಯಿಯ ಕುತ್ತಿಗೆಗೆ ಬಾಯಿ ಹಾಕಿತು. ಎರಡೂ ಉರುಳಾಡಿದವು, ಕಪ್ಪು ನಾಯಿ ಮಗುವಿನ ಹಾಗೆ ಕಿರುಚುತ್ತಿತ್ತು. ಅದರ ಯಜಮಾನ ಕೋಲಿನಿಂದ ಅಲ್ಸೇಷನ್ನಿನ ಬೆನ್ನಿಗೆ ಬಡಿಯುತ್ತಲೇ ಇದ್ದ. ಅಷ್ಟರಲ್ಲಿ ಗುತ್ತಿಗೆದಾರ ಬಂದ, ಕೈಯಲ್ಲಿ ಕಾಂಕ್ರೀಟಿಗೆ ಹಾಕುವ ಸರಳು.

"ನನ್ನ ಜಾಗದಲ್ಲಿ, ನನ್ನ ನಾಯಿಗೆ," ಎಂದ.

"ಇದು ನಮ್ಮ ಪ್ಯಾರಿಷ್," ಎಂದೆ ನಾನು. ಅದು ಆಗ ಆಡುವ ಮಾತಲ್ಲ. ಆದರೆ ನಿಜ.

ಸರಳು ಮಣಿಕಟ್ಟಿಗೆ ಬಿತ್ತು. ಕೋಲು ಕೈಯಿಂದ ಹಾರಿತು. ಎರಡನೆಯ ಏಟು ಹೆಗಲಿಗೆ. ಮೂರನೆಯದಕ್ಕೆ ಅವನು ಕೈಯೆತ್ತಿದಾಗ ನಾನು ಬಗ್ಗಿ, ಎಡಗೈಯಲ್ಲಿ ಕೋಲು ಹೆಕ್ಕಿ, ಅವನ ಮುಖಕ್ಕೆ ಬಾರಿಸಿದೆ. ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು ಅವನು ಕುರುಡನ ಹಾಗೆ ಸರಳು ಬೀಸುತ್ತ ಹಿಂದೆ ಹಿಂದೆ ಹೋದ. ಯಾರೋ ನನ್ನನ್ನು ಜಾಕೆಟ್ಟು ಹಿಡಿದು ಎಳೆದುಕೊಂಡು ಹಳ್ಳ ದಾಟಿಸಿದರು. ನೀರಿನಲ್ಲಿ ಬಿದ್ದೆ. ಕೈ ಕೆಳಗೆ ಸಿಕ್ಕಿತು. ಆಗ ನೋವು ಬಂತು.

ಪೊಲೀಸರಿಗೆ ಗುತ್ತಿಗೆದಾರ ಹೇಳಿದ ಕಥೆ ಇದು: ಕೋಲು ಹಿಡಿದ ಗುಂಪೊಂದು ಅನುಮತಿ ಇಲ್ಲದೆ ನನ್ನ ಯಾರ್ಡಿಗೆ ನುಗ್ಗಿತು, ನಾಯಿಯನ್ನು ಬಡಿಯಿತು, ಆ ಏಷ್ಯನ್ ಮೊದಲು ನನ್ನ ಮುಖಕ್ಕೆ ಹೊಡೆದ, ನಾನು ಕೈ ಅಡ್ಡ ಹಿಡಿದೆ. ಅವನ ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ಅನುಮತಿ ಇಲ್ಲದ್ದು ನಿಜ. ಕೋಲು ಇದ್ದದ್ದು ನಿಜ. ಮೊದಲು ಹೊಡೆದದ್ದು ಯಾರು ಎನ್ನುವುದೊಂದೇ ಉಳಿದದ್ದು. ಅದನ್ನು ನೋಡಿದವರು ಏಳೆಂಟು ಜನ.

ಯಾರೂ ನೋಡಿರಲಿಲ್ಲ.

ಪಾದ್ರಿ ಕೆಸರಿನಲ್ಲಿ ಸಿಕ್ಕಿಕೊಂಡ ಬೂಟು ಹುಡುಕುತ್ತಿದ್ದರು. ಅಧ್ಯಕ್ಷೆ ಈಚೆ ದಂಡೆಯಲ್ಲೇ ಉಳಿದಿದ್ದರು, ಅದು ನಿಜ, ಪೊದೆ ಅಡ್ಡವಿತ್ತು. ಕಪ್ಪು ನಾಯಿಯವನು ತನ್ನ ನಾಯಿಯನ್ನು ನೋಡುತ್ತಿದ್ದ. ಅವನ ಮನೆಗೇ ಹೋಗಿ ಕೇಳಿದೆ. ಕಪ್ಪು ನಾಯಿ ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿ ಕಟ್ಟಿಕೊಂಡು ಮಲಗಿತ್ತು.

"ನೀನು ನನ್ನ ಪಕ್ಕದಲ್ಲಿದ್ದೆ," ಎಂದೆ.

"ಇದ್ದೆ, ಮೇಟ್. ಕಣ್ಣು ಬೇರೆ ಕಡೆ ಇತ್ತು."

"ಸರಳು ಬಿದ್ದ ಸದ್ದೂ ಕೇಳಲಿಲ್ಲವಾ?"

"ನಾನು ಇಲ್ಲಿ ಬದುಕಬೇಕು," ಎಂದ. ನಾಯಿಯ ಕೊರಳಪಟ್ಟಿ ಸರಿಮಾಡುತ್ತ, "ನೀನು ಬೇಕಾದರೆ ಮನೆ ಮಾರಿ ಹೋಗಬಹುದು."

ಅದೇ ವಾರ ನಮ್ಮ ಎರಡೂ ಕಾರುಗಳ ಟೈರು ಸೀಳಿದರು. ಒಂದು ಪಿಕಪ್ ಮನೆಯ ಮುಂದೆ ನಿಂತು ಎಂಜಿನ್ ಗುರುಗುಟ್ಟಿಸಿ ಹೋಗುತ್ತಿತ್ತು. ಮಗಳು ಕಿಟಕಿಯಿಂದ ಸರಿದು ಬಂದು ಕೇಳಿದಳು, "ಅಪ್ಪಾ, ಡಿಡ್ ಯು ಹಿಟ್ ಹಿಮ್ ಫಸ್ಟ್?"

"ಇಲ್ಲ."

"ದೆನ್ ವೈ ವೋಂಟ್ ಎನಿವನ್ ಸೇ ಸೋ?"

ಪೊಲೀಸ್ ಠಾಣೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿಣಿ ಮರ್ಯಾದೆಯಿಂದಲೇ ಮಾತಾಡಿದಳು. ಸಾಕ್ಷಿ ಇಲ್ಲದೆ ಇದು ಇಬ್ಬರ ಬಡಿದಾಟ ಎಂದಳು. ಒಂದು ದಾರಿ ಇದೆ: ನೀವೂ ತಪ್ಪು ಒಪ್ಪಿಕೊಳ್ಳಿ, ಅವನೂ ಒಪ್ಪಿಕೊಳ್ಳುತ್ತಾನೆ, ಕೈ ಕುಲುಕಿ, ಕೋರ್ಟಿಲ್ಲದೆ ಮುಗಿಯುತ್ತದೆ. ಒಪ್ಪದಿದ್ದರೆ? ಒಪ್ಪದಿದ್ದರೆ ಇಬ್ಬರ ಮೇಲೂ ಕೇಸು ಹೋಗಬಹುದು.

ಆವತ್ತು ಮನೆಯಲ್ಲಿ ಊಟ ಸೇರಲಿಲ್ಲ.

"ಒಪ್ಪಿ ಸಹಿ ಹಾಕಿಬಿಡ್ರಿ," ಎಂದಳು ಹೆಂಡತಿ. "ಪಾಸ್‌ಪೋರ್ಟು ಬರೂ ಹೊತ್ತಿನ್ಯಾಗ ಕೋರ್ಟು ಕಚೇರಿ ಯಾಕ ಬೇಕು?"

"ನಾ ಮೊದಲು ಹೊಡದಿಲ್ಲ."

"ನನಗ ಗೊತ್ತದ. ಹಂಗಾರ ನಾನೂ ಅಲ್ಲೇ ಇದ್ದೆ, ನೋಡೇನಿ ಅಂತ ಹೇಳ್ತೇನಿ."

"ನೀ ಆವತ್ತ ಡ್ಯೂಟಿ ಮ್ಯಾಲ ಇದ್ದಿ. ಲೆಮಿಂಗ್ಟನ್‌ದಾಗ ಮಂದಿ ಗಂಟಲಾ ನೋಡ್ಲಿಕ್ಕತ್ತಿದ್ದಿ."

"ನೋಡಿದವರು ನೋಡಿಲ್ಲಂತಾರ. ನೋಡದವಳು ನೋಡೇನಿ ಅಂದ್ರ ಏನಾತು?"

"ಸುಳ್ಳಾತು."

"ನಿಮ್ಮ ಈ ಹಟಾ," ಎಂದಳು, ಎದ್ದು ಹೋಗುತ್ತ. "ನಮ್ಮ ಮನಿಯಾಗಾಗಿದ್ರ ವಕೀಲರಿಗೆ ಒಂದು ಫೋನ್ ಮಾಡಿ ಮುಗಸ್ತಿದ್ರು."

ಅವಳ ಮನೆಯಲ್ಲಿ ಮುಗಿಸುತ್ತಿದ್ದರು, ಹೌದು. ನಮ್ಮ ಮನೆಯ ಕಥೆಯನ್ನು ನಾನು ಅವಳಿಗೂ ಅಂದಿನವರೆಗೆ ಹೇಳಿರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಅಪ್ಪ ಒಂದು ಹೊಲದಲ್ಲಿ ಬಾವಿ ತೋಡುವಾಗ ಗಡಿಯ ಬಾಂದಗಲ್ಲು ಕಿತ್ತು ಸರಿಸಿದ ಎಂದು ಪಕ್ಕದ ಹೊಲದವರು ಹಿಡಿದರು. ಕಿತ್ತಿದ್ದು ಹೊಲದ ಯಜಮಾನ, ಸಿಕ್ಕಿದ್ದು ಅಪ್ಪ. ಚಾವಡಿಯ ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದರು. ಬೆನ್ನಿನ ಅಂಗಿ ತೊಗಲಿಗೆ ಅಂಟಿ, ಅವ್ವ ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದಳು. ಕಿವಿಗೆ ಬಿದ್ದ ಏಟಿಗೆ ಒಂದು ಕಿವಿ ಹೋಯಿತು. ಕೊನೆಗೆ ಹೆಬ್ಬೆರಳು ಹಿಡಿದು, ಮಸಿಗೆ ಅದ್ದಿ, ತಪ್ಪು ನನ್ನದು ಎಂದು ಒತ್ತಿಸಿಕೊಂಡರು. ಊರೆಲ್ಲ ನಿಂತಿತ್ತು. ಆಮೇಲೆ ಕೇಳಿದರೆ ಊರೆಲ್ಲ ಸಂತೆಗೆ ಹೋಗಿತ್ತು.

ಅಪ್ಪ ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಒಂದೇ ಮಾತು ಹೇಳಿದ್ದ: "ಓದ್ಕೋ. ಓದಿದವನ ಬೆರಳು ಯಾರೂ ಹಿಡಿಯೂದಿಲ್ಲ."

ಅಂದು ರಾತ್ರಿ ಇದನ್ನು ಕೇಳಿಸಿಕೊಂಡ ಹೆಂಡತಿ, ಬಿಟ್ಟೆದ್ದ ಊಟವನ್ನು ಬಿಸಿ ಮಾಡಿ ತಂದಿಟ್ಟಳು. ಮರುದಿನ ನಾನು ಠಾಣೆಗೆ ಹೋಗಿ ಹೇಳಿದೆ: ಹೊಡೆದೆ, ಎಡಗೈಯಲ್ಲಿ, ಮೂಳೆ ಮುರಿದ ಮೇಲೆ. ಮೊದಲು ಹೊಡೆದೆ ಎಂದು ಒಪ್ಪುವುದಿಲ್ಲ. ಸಹಿ ಹಾಕುವುದಿಲ್ಲ. ಅಧಿಕಾರಿಣಿ ನಿಟ್ಟುಸಿರು ಬಿಟ್ಟಳು.

ತಿಂಗಳ ಕೊನೆಗೆ ಪ್ಯಾರಿಷ್‌ನ ವಾರ್ಷಿಕ ಸಭೆ. ನಮ್ಮ ಗ್ರಾಮಸಭೆಯ ಹಾಗೆ: ಕೌನ್ಸಿಲರುಗಳಷ್ಟೇ ಅಲ್ಲ, ಊರಿನ ಯಾವ ಮತದಾರನೂ ಎದ್ದು ಮಾತಾಡಬಹುದು. ಕೈಗೆ ಪ್ಲಾಸ್ಟರು ಹಾಕಿಕೊಂಡು ಹೋದೆ. ಹೆಂಡತಿಯೂ ಬಂದಳು. ವಿಲೇಜ್ ಹಾಲ್ ತುಂಬಿತ್ತು. ಮಾಮೂಲಾಗಿ ಬಿಸ್ಕತ್ತಿಗಿಂತ ಜನ ಕಡಿಮೆ ಇರುತ್ತಾರೆ. ಅಂದು ಎಲ್ಲರಿಗೂ ನನ್ನನ್ನು ನೋಡಬೇಕಿತ್ತು.

ನಾನು ಎದ್ದು, ಹಳ್ಳದ ಹತ್ತಿರ ಏನಾಯಿತೆಂದು ಹೇಳಿದೆ. ನೋಡಿದವರು ಹೇಳಿ ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಹಿಂದಿನಿಂದ ಧ್ವನಿ ಬಂತು. "ನಾನು ಹೇಳ್ತೀನಿ."

ಗುತ್ತಿಗೆದಾರ ಬಾಗಿಲಲ್ಲಿ ನಿಂತಿದ್ದ. ಹುಬ್ಬಿನ ಮೇಲೆ ಗಾಯದ ಗೆರೆ ಕೆಂಪಗಿತ್ತು.

"ಇದು ಈ ಪ್ಯಾರಿಷ್‌ನ ಮತದಾರರ ಸಭೆ," ಎಂದರು ಅಧ್ಯಕ್ಷೆ.

"ಈ ಬುದ್ಧಿವಂತನ ನಕ್ಷೆ ಪ್ರಕಾರ ನಾನು ಇದೇ ಪ್ಯಾರಿಷ್‌ನವನು, ಲವ್. ನಾನು ಮಲಗೋ ಹಾಸಿಗೆ ಇಲ್ಲಿದೆ ಅಂತ ಇವನೇ ಹೇಳಿದ್ದಾನೆ. ಹೌದೋ ಅಲ್ಲವೋ?"

ಸಭೆಯಲ್ಲಿ ಕೆಲವರು ಸಣ್ಣಗೆ ನಕ್ಕರು. ಅಧ್ಯಕ್ಷೆ ನನ್ನ ಕಡೆ ನೋಡಿದರು.

"ಹೌದು," ಎಂದೆ. "ಮಾತಾಡಲಿ."

ಮಾತಾಡಿದ. ನಾನು ಅವನ ಮೇಲೆ ಹೇಗೆ ಏರಿಹೋದೆ, ಇಂಥವರು ಬಂದ ಮೇಲೆ ಊರು ಏನಾಯಿತು ಎಂದೆಲ್ಲ. ಮುಗಿಯುವವರೆಗೆ ಕಾದೆ. ಆಮೇಲೆ ಎದ್ದು ಹೇಳಿದೆ, "ಇವರು ಈ ಪ್ಯಾರಿಷ್‌ನವರೆಂದು ಇವರೇ ಒಪ್ಪಿದ್ದಾರೆ. ಹಾಗಾದರೆ ಹಳ್ಳದ ಆ ಕಲ್ಲುಮಣ್ಣೂ ಈ ಪ್ಯಾರಿಷ್‌ನಲ್ಲೇ ಇದೆ. ಅದನ್ನು ತೆಗೆಸಲು ಕೌಂಟಿಗೆ ಒತ್ತಾಯ ಮಾಡಬೇಕೆಂದು ಠರಾವು ಮಂಡಿಸುತ್ತೇನೆ. ಒಪ್ಪುವವರು ಕೈ ಎತ್ತಿ."

ಒಬ್ಬೊಬ್ಬರಾಗಿ ಬಾಯಿ ಬಿಡದವರು ಒಟ್ಟಾಗಿ ಕೈ ಎತ್ತಿದರು. ನಾಯಿಯವನೂ ಎತ್ತಿದ. ಗುತ್ತಿಗೆದಾರ ಆ ಕೈಗಳನ್ನು ನೋಡಿದ. ತಾನೇ ಬಂದು ಬೋನಿಗೆ ಕಾಲಿಟ್ಟದ್ದು ಅವನಿಗೆ ಆಗ ತಿಳಿಯಿತೆಂದು ಕಾಣುತ್ತದೆ.

ಕುರ್ಚಿಗಳನ್ನು ಒದೆಯುತ್ತ ಬಂದು ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂತು. ನಾನು ಕೈ ಎತ್ತಲಿಲ್ಲ. ಒಂದು ಪ್ಲಾಸ್ಟರಿನಲ್ಲಿತ್ತು, ಇನ್ನೊಂದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಮತ್ತೊಂದು ಗುದ್ದು. ಅಧ್ಯಕ್ಷೆ ನಡುವೆ ಬಂದರು. ಅವರನ್ನು ಎರಡೂ ಕೈಯಲ್ಲಿ ನೂಕಿದ. ಚಹಾದ ಮೇಜಿನ ಅಂಚಿಗೆ ಬಡಿದು ಬಿದ್ದರು. ಬಿದ್ದ ಸದ್ದು ಚೆನ್ನಾಗಿರಲಿಲ್ಲ.

ಆಗ ಹಾಲ್ ಎದ್ದಿತು.

ಇಪ್ಪತ್ತು ಜನ ಅವನ ಮೇಲೆ ಬಿದ್ದರು. ಎರಡು ಚಳಿಗಾಲದ ನೀರು, ಒಡೆದ ಗಾಜು, ಸತ್ತ ನರಿ, ಎಲ್ಲ ಆ ಕಾಲುಗಳಲ್ಲಿತ್ತು. ಅವನು ನೆಲಕ್ಕೆ ಬಿದ್ದ ಮೇಲೂ ನಿಲ್ಲಿಸಲಿಲ್ಲ. ನಾಯಿಯವನು ಅವನ ತಲೆಗೆ ಬೂಟಿನಿಂದ ಒದೆಯುತ್ತಿದ್ದ, ಅಳತೆ ಮಾಡಿದ ಹಾಗೆ, ಕಾಲು ಹಿಂದಕ್ಕೆ ತೆಗೆದು, ಮತ್ತೆ. ಗುತ್ತಿಗೆದಾರನ ಕಿವಿಯಿಂದ ರಕ್ತ ಬರುತ್ತಿತ್ತು. ಕೈಗಳಿಂದ ತಲೆ ಮುಚ್ಚಿಕೊಳ್ಳುವುದನ್ನೂ ಬಿಟ್ಟಿದ್ದ.

"ಬಿಡು," ಎಂದೆ. ಬಾಯಿ ತುಂಬ ರಕ್ತ, ಮಾತು ಹೊರಡಲಿಲ್ಲ. ನಾಯಿಯವನ ಕಾಲರಿಗೆ ಎಡಗೈ ಹಾಕಿ ಎಳೆದೆ. ತಿರುಗಿ ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದ, ಯಾರೆಂದು ನೋಡದೆ. ನನ್ನ ಹೆಂಡತಿ ಅವರ ಕಾಲುಗಳ ನಡುವೆ ನುಗ್ಗಿ ಗುತ್ತಿಗೆದಾರನ ತಲೆಯ ಮೇಲೆ ಬಗ್ಗಿದಳು. ಡಾಕ್ಟರ್ ಧ್ವನಿಯಲ್ಲಿ "ಹಿಂದೆ ಸರೀರಿ," ಎಂದಳು. ಆ ಧ್ವನಿಗೆ ನಿಂತರು. ಅವಳು ಅವನ ಬಾಯಿಂದ ರಕ್ತ ತೆಗೆದು, ಮಗ್ಗುಲಿಗೆ ಹೊರಳಿಸಿ, ಉಸಿರು ನೋಡಿದಳು.

ಪೊಲೀಸರು, ಆಂಬುಲೆನ್ಸು ಎಲ್ಲ ಬಂದವು. ಅಧ್ಯಕ್ಷೆಯ ಸೊಂಟ ಮುರಿದಿತ್ತು. ಗುತ್ತಿಗೆದಾರನಿಗೆ ಎಚ್ಚರವಿರಲಿಲ್ಲ. ಪೊಲೀಸರು ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಕೇಳುತ್ತಿದ್ದರು. ನನ್ನ ಸರದಿ ಕೊನೆಗೆ. ಅದುವರೆಗೆ ಹೊರಗೆ ಮೆಟ್ಟಿಲ ಮೇಲೆ ಬಾಯಿಗೆ ಟವೆಲ್ ಒತ್ತಿ ಕೂತಿದ್ದೆ. ನಾಯಿಯವನು ಬಂದು ಪಕ್ಕದಲ್ಲಿ ಕೂತ.

"ಹೇಳಿದೆ," ಎಂದ. "ಹಳ್ಳದ ಹತ್ತಿರದ್ದೆಲ್ಲ. ಸರಳು ಮೊದಲು ಬಿದ್ದದ್ದು, ನಿನ್ನ ಕೈ ಮುರಿದದ್ದು. ಪಾದ್ರಿಯೂ ಹೇಳಿದ್ದಾರೆ. ಎಲ್ಲರೂ ಹೇಳ್ತಿದ್ದಾರೆ. ನಿನ್ನ ಹೆಸರು ಈಗ ಸಾಫ್."

"ಥ್ಯಾಂಕ್ಸ್."

"ಇಲ್ಲಿ ಒಳಗೆ ನಡೆದದ್ದು," ಎಂದ. "ಅವನು ಬಿದ್ದು ಮೇಜಿಗೆ ತಲೆ ಬಡಿದುಕೊಂಡ. ಅಷ್ಟೇ ಅಲ್ಲವಾ, ಮೇಟ್?"

ಅವನು ನನ್ನ ಭುಜ ತಟ್ಟಿದ, ಮೆತ್ತಗೆ, ಏಟು ಬೀಳದ ಭುಜವನ್ನು ಹುಡುಕಿ. ಮೂರು ವಾರದಿಂದ ಆ ಊರಿನಲ್ಲಿ ಯಾರೂ ನನ್ನನ್ನು ಸ್ನೇಹದಿಂದ ಮುಟ್ಟಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನನ್ನ ಹೆಸರು ಉಳಿಯುತ್ತಿತ್ತು, ಊರು ಉಳಿಯುತ್ತಿತ್ತು, ಮಗಳು ಶಾಲೆಯ ಬಸ್ಸಿನಲ್ಲಿ ಯಾರ ಪಕ್ಕದಲ್ಲಾದರೂ ಕೂರುತ್ತಿದ್ದಳು. ಸಾಯಲಿ ಆ ನನ್ಮಗ ಎಂದು ನನ್ನೊಳಗೂ ಒಬ್ಬ ಹೇಳುತ್ತಿದ್ದ. ಅವನು ಹೇಳಲಿಲ್ಲ ಎಂದರೆ ಅದು ಸುಳ್ಳು.

ಒಳಗೆ ಅದೇ ಅಧಿಕಾರಿಣಿ. ಗುತ್ತಿಗೆದಾರ ನನಗೆ ಎರಡು ಸಲ ಗುದ್ದಿದ ಎಂದೆ, ಅಧ್ಯಕ್ಷೆಯನ್ನು ನೂಕಿದ ಎಂದೆ. "ಗುತ್ತಿಗೆದಾರರ ತಲೆಗೆ ಹೇಗೆ ಗಾಯವಾಯಿತು?" ಎಂದಳು. ಮಾತು ರಕ್ತದ ಜೊತೆ ಬರುತ್ತಿತ್ತು.

"ಒದ್ದರು," ಎಂದೆ. "ಬಿದ್ದ ಮೇಲೆ."

"ಯಾರು?"

ಹೇಳಿದೆ.

ಗುತ್ತಿಗೆದಾರ ಉಳಿದ. ಹಳ್ಳದ ಏಟಿಗೂ ಅಧ್ಯಕ್ಷೆಯ ಸೊಂಟಕ್ಕೂ ಅವನ ಮೇಲೆ ಕೇಸಾಯಿತು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ನಾಯಿಯವನ ಮೇಲೂ ಕೇಸಾಯಿತು, ಜೈಲಿಗೆ ಹೋಗಲಿಲ್ಲ, ಕೆಲಸ ಹೋಯಿತು. ನನ್ನ ಮೇಲೆ ಏನೂ ಇಲ್ಲ ಎಂದು ಪೊಲೀಸರು ಫೋನ್ ಮಾಡಿ ತಿಳಿಸಿದರು. ಪೌರತ್ವ ಬಂತು. ಕೌಂಟಿಯವರು ಬೇಸಿಗೆ ಮುಗಿಯುವ ಮುಂಚೆ ಕಲ್ಲುಮಣ್ಣು ತೆಗೆಸಿದರು, ನೀರು ಬರುವುದು ನಿಂತಿತು. ನೀರಿನ ಕಾಟ ತಪ್ಪಿದ ಆ ಮನೆಗಳ ಜನ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಪಬ್ಬಿಗೆ ನಾನು ಹೋದರೆ ಮಾತು ನಿಲ್ಲುತ್ತದೆ. ಮನೆ ಮಾರೋಣವೇ ಎಂದು ಹೆಂಡತಿಯನ್ನು ಕೇಳಿದೆ. "ಯಾಕ ಮಾರಬೇಕು?" ಎಂದಳು. "ನಾವೇನು ಕದ್ದೀವೇನು?"

ಅಧ್ಯಕ್ಷೆಯನ್ನು ಆಸ್ಪತ್ರೆಯಲ್ಲಿ ನೋಡಲು ಹೋಗಿದ್ದೆ.

"ಒಬ್ಬರಾದರೂ ನಿನ್ನ ಕಡೆ ಉಳಿಯದ ಹಾಗೆ ಮಾಡಿಕೊಂಡ್ಯಲ್ಲ, ಲವ್."

"ನೀವು?"

"ನನಗೆ ಸೊಂಟ ನೋಯ್ತಿದೆ. ಕಡೆ ಗಿಡೆ ಆಮೇಲೆ," ಎಂದರು. "ಮಂಗಳವಾರ ಮೀಟಿಂಗ್ ಇದೆ. ತಪ್ಪಿಸಬೇಡ. ಕೋರಂ ಆಗಲ್ಲ."

ತಪ್ಪಿಸಲಿಲ್ಲ. ಈಗಲೂ ತಪ್ಪಿಸುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಫೋನ್ ಬಂತು. ಧ್ವನಿ ಗುರುತು ಸಿಕ್ಕಿತು. ಗುತ್ತಿಗೆದಾರ. ಅವನಿಗೆ ಈಗ ಒಂದು ಕಿವಿ ಕೇಳುವುದಿಲ್ಲ. ಅದಕ್ಕೇ ಜೋರಾಗಿ ಮಾತಾಡುತ್ತಾನೆ.

"ನೀನೇ ಅಲ್ಲವಾ ನನ್ನ ಕೌನ್ಸಿಲರ್?"

"ಹೌದು."

"ನಮ್ಮ ಗೇಟಿನ ಹತ್ತಿರದ ಬೀದಿದೀಪ ಹತ್ತುತ್ತಿಲ್ಲ. ಹದಿನೈದು ದಿನ ಆಯ್ತು. ಡಿಸ್ಟ್ರಿಕ್ಟಿಗೆ ಹೇಳಿದೆ, ಅದು ಪ್ಯಾರಿಷ್‌ನದು ಅಂದರು. ಪಕ್ಕದ ಪ್ಯಾರಿಷ್‌ನವರು ಅದು ನಿಮ್ಮದು ಅಂದರು."

"ನಮ್ಮದೇ," ಎಂದೆ.

"ಹಾಗಾದರೆ ಮಾಡಿಸು."

ಕಂಬದ ಮೇಲಿನ ನಂಬರು ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ ಕೇಳಿದೆ. ಟಾರ್ಚು ಹಿಡಿದು ನೋಡಿ ಬರುತ್ತೇನೆ, ಫೋನ್ ಇಡಬೇಡ ಎಂದ. ನಾನು ಇಡಲಿಲ್ಲ. ಅವನ ನಾಯಿ ಬೊಗಳುವುದು, ಅವನು ಅದಕ್ಕೆ ಬೈಯುವುದು ಕೇಳುತ್ತ ನಿಂತಿದ್ದೆ.